ಕೊಳಲು ನಿಂತ ದಿನ

ಹಗಲಿನ ಐದನೇ ಗಂಟೆಗೆ, ನಿಕೋ ಬರೆದ ನಾಟಕ ಅರ್ಧ ನಡೆದಿದ್ದಾಗ, ಜನ ಎದ್ದು ಹೋದರು.

ನದಿಯ ಕಟ್ಟೆಯಲ್ಲಿ ಆಫ್ರಿಕಾದ ಚಿರತೆಗಳನ್ನು ಇಳಿಸುತ್ತಿದ್ದಾರೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೂಗಿದ್ದ. ಮೊದಲು ಹೊರಟವರು ಹಿಂದೆ ನಿಂತು ನೋಡುತ್ತಿದ್ದವರು. ಆಮೇಲೆ ಬೆಂಚುಗಳು ಖಾಲಿಯಾದವು. ಮುಂದಿನ ಸಾಲಿನ ಸೆನೆಟಿನ ಹಿರಿಯರು ಸ್ವಲ್ಪ ಹೊತ್ತು ಗಾಂಭೀರ್ಯದಿಂದ ಕುಳಿತಿದ್ದು, ಆಮೇಲೆ ಅವರೂ ಬಟ್ಟೆ ಎತ್ತಿ ಹಿಡಿದುಕೊಂಡು ಹೊರಟರು. ರೋಮಿನ ಕ್ಯಾಸ್ಟರ್ ದೇವರ ಗುಡಿಯ ಎದುರಿನ ಆ ಮರದ ರಂಗದ ಮುಂದೆ ಉಳಿದವರೆಂದರೆ ಉತ್ಸವಾಧಿಕಾರಿ, ಅವನ ಪಕ್ಕದಲ್ಲಿ ಪುರೋಹಿತ ಮಂಡಳಿಯ ಗುಮಾಸ್ತ, ಇಬ್ಬರು ಕುಡುಕರು, ಮತ್ತೆ ಒಂದು ಕಾಲಿಲ್ಲದ ಮಾಜಿ ಸೈನಿಕ.

ನಿಕೋ ರಂಗದ ಹಿಂಬದಿಯ ಬಾಗಿಲ ಸಂದಿನಿಂದ ಇದನ್ನು ನೋಡಿದ. ಅವನಿಗೆ ಐವತ್ತೇಳು ವರ್ಷ. ಗ್ರೀಕರ ಹಳೆಯ ನಾಟಕಗಳನ್ನು ಲ್ಯಾಟಿನ್ನಿಗೆ ತಿರುಗಿಸಿ ತಂಡಗಳಿಗೆ ಕೊಡುವುದು ಅವನ ಕಸುಬು. ಮೂವತ್ತು ವರ್ಷದಲ್ಲಿ ಏಳು ನಾಟಕ ರಂಗಕ್ಕೆ ಬಂದಿದ್ದವು. ಒಂದೂ ಕೊನೆ ಮುಟ್ಟಿರಲಿಲ್ಲ. ಒಂದನ್ನು ಮಳೆ ನಿಲ್ಲಿಸಿತು. ಒಂದನ್ನು ಸ್ಪೇನಿನಿಂದ ಬಂದ ಗೆಲುವಿನ ಸುದ್ದಿ ನಿಲ್ಲಿಸಿತು. ಉಳಿದವನ್ನು ಜನರೇ ನಿಲ್ಲಿಸಿದರು. ಅವೆಂಟೈನ್ ಗುಡ್ಡದ ಮಿನರ್ವಾ ಗುಡಿಯಲ್ಲಿ ಸೇರುವ ಬರಹಗಾರರು ಅವನಿಗೆ "ಅರ್ಧಕವಿ" ಎಂದು ಹೆಸರಿಟ್ಟಿದ್ದರು.

ಇದು ಎಂಟನೆಯದು. ಉಳಿದ ಏಳು ಮುರಿದಾಗ ಅವನು ಮನೆಗೆ ಹೋಗಿ ಗಂಜಿ ಕುಡಿದು ಮಲಗಿದ್ದ. ಈ ಸಲ ಹಾಗಾಗುವಂತಿರಲಿಲ್ಲ. ಈ ನಾಟಕದ ಕೊನೆಯ ಭಾಗ ಗ್ರೀಕರದ್ದಾಗಿರಲಿಲ್ಲ, ಅವನದೇ ಆಗಿತ್ತು.

ಗ್ರೀಕ್ ಕಥೆಯಲ್ಲಿ ಕಳೆದುಹೋದ ಹುಡುಗಿ ದೊಡ್ಡ ಮನೆಯ ಮಗಳೆಂದು ಗೊತ್ತಾಗುತ್ತದೆ, ಮದುವೆಯಾಗುತ್ತದೆ, ಎಲ್ಲರೂ ಒಳಗೆ ಊಟಕ್ಕೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ನಿಕೋ ಅದರ ಮುಂದಕ್ಕೆ ಒಂದು ಹಾಡು ಬರೆದಿದ್ದ. ಹುಡುಗಿಯನ್ನು ಸಾಕಿದ ಮುದುಕಿ, ಗುಲಾಮಳು, ಬೀದಿಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಒಳಗೆ ಎಲ್ಲರಿಗೂ ಏನೇನೋ ಸಿಕ್ಕಿದೆ. ಅವಳನ್ನು ಬಿಡುಗಡೆ ಮಾಡಬೇಕೆಂದು ಯಾರಿಗೂ ನೆನಪಾಗಿಲ್ಲ. ಅವಳು ಹಾಡುತ್ತಾಳೆ. ನಿಕೋನ ತಾಯಿ ಟರೆಂಟಮ್ ಪಟ್ಟಣ ರೋಮಿನವರ ವಶವಾದಾಗ ಅವನನ್ನು ಸೊಂಟದಲ್ಲಿ ಹೊತ್ತುಕೊಂಡೇ ಮಾರಾಟವಾದವಳು. ಮಗ ಓದುಬರಹ ಕಲಿತು ಬಿಡುಗಡೆ ಪಡೆದ. ಆಕೆ ಅದೇ ಯಜಮಾನನ ಅಡುಗೆಮನೆಯಲ್ಲಿ ಸತ್ತಳು. ಈ ಹಾಡನ್ನು ಒಂದು ಸಲ, ಒಂದೇ ಸಲ, ರೋಮಿನ ಜನ ಕುಳಿತು ಕೇಳಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ತಂಡದ ಯಜಮಾನ ನುಮಿಸಿಯಸ್ ಗುಲಾಮನ ಪಾತ್ರದ ಕೆಂಪು ಕೂದಲಿನ ಟೋಪನ್ನು ಕೈಯಲ್ಲಿ ಹಿಡಿದು ಒಳಗೆ ಬಂದ. ಮುಖದಿಂದ ಬೆವರು ಇಳಿಯುತ್ತಿತ್ತು.

"ಕವಿಗಳೇ, ಮುಗಿಸ್ಬಿಡೋಣ. ಇಲ್ಲಿಂದ ನೇರ ಮದುವೆಗೆ ಹಾರ್ತೀನಿ."

"ಮುದುಕಿ ಹಾಡು?"

"ಯಾರಿಗೆ ಹಾಡೋದು ಮಾರಾಯ? ಆ ಕುಡುಕನಿಗಾ? ಅವನು ಆಗ್ಲೇ ತನ್ನ ಪಾಡಿಗೆ ತಾನು ಹಾಡ್ಕೊಂಡು ಕೂತಿದ್ದಾನೆ."

"ಜನ ವಾಪಸ್ ಬರ್ತಾರೆ. ಚಿರತೆ ಎಷ್ಟೊತ್ತು ನೋಡ್ತಾರೆ?"

"ನಿನ್ನ ನಾಟಕಕ್ಕಿಂತ ಜಾಸ್ತಿ ಹೊತ್ತು ನೋಡ್ತಾರೆ. ಬೇಜಾರ್ ಮಾಡ್ಕೋಬೇಡ. ಅಧಿಕಾರಿ ಆಗ್ಲೇ ಎರಡು ಸಲ ಆಕಳಿಸಿದ. ಕೊಳಲು ನಿಲ್ಲದ ಹಾಗೆ ಕೊನೆಗೆ ಮುಟ್ಟಿಸಿದ್ರೆ ದೇವರ ಲೆಕ್ಕಕ್ಕೆ ದಿನ ಸರಿಹೋಯ್ತು. ನಮ್ಮ ಕೆಲಸ ಅಷ್ಟೇ."

ಅವನು ಹೇಳಿದ್ದು ನಿಜ. ಸೆಪ್ಟೆಂಬರಿನ ಈ ಉತ್ಸವ ಜ್ಯೂಪಿಟರ್ ದೇವರಿಗೆ ಸಲ್ಲುವ ಸೇವೆ, ನಾಟಕ ಅದರ ಒಂದು ಅಂಗ. ಜನ ಇದ್ದರೂ ಇಲ್ಲದಿದ್ದರೂ ಸೇವೆ ಕೊನೆ ಮುಟ್ಟಬೇಕು. ನಡುವೆ ಕುಣಿಯುವವನು ನಿಂತರೆ, ಕೊಳಲಿನವನು ಇದ್ದಕ್ಕಿದ್ದಂತೆ ಸುಮ್ಮನಾದರೆ, ಸೇವೆ ಕೆಟ್ಟಂತೆ. ಆಗ ಆ ದಿನವನ್ನು ಮೊದಲಿನಿಂದ ಮತ್ತೊಮ್ಮೆ ಮಾಡಬೇಕು. ಅದೇ ಬಲಿ, ಅದೇ ಮೆರವಣಿಗೆ, ಅದೇ ನಾಟಕ.

ಅದೇ ನಾಟಕ.

ನಿಕೋ ಮತ್ತೆ ಸಂದಿನಲ್ಲಿ ಕಣ್ಣಿಟ್ಟ. ರಂಗದ ಮೇಲೆ ಕೊಳಲಿನ ಬಿಥುಸ್ ಒಬ್ಬನೇ ಇದ್ದ. ನಟರು ಒಳಗಿರುವಾಗ ರಂಗ ಮೌನವಾಗದಂತೆ ನುಡಿಸುತ್ತಿರುವುದು ಅವನ ಕೆಲಸ. ಕೆನ್ನೆಗೆ ಚರ್ಮದ ಪಟ್ಟಿ ಬಿಗಿದುಕೊಂಡು, ಜೋಡಿಕೊಳಲಿನ ಎರಡೂ ಕೊಳವೆ ಬಾಯಿಗಿಟ್ಟು, ಅವನು ಖಾಲಿ ಬೆಂಚುಗಳಿಗೆ ಊದುತ್ತಿದ್ದ. ಬಿಥುಸ್ ಥ್ರೇಸಿನವನು, ಫಾಲ್ಕಿದಿಯಸ್ ಎಂಬವನ ಗುಲಾಮ. ಯಜಮಾನ ಅವನನ್ನು ಉತ್ಸವಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಮುದುಕಿಯ ಹಾಡಿಗೆ ಧಾಟಿ ಕಟ್ಟಿದವನು ಅವನೇ. ಬೇಸಿಗೆಯಲ್ಲಿ ಹನ್ನೊಂದು ದಿನ ಇಬ್ಬರೂ ನುಮಿಸಿಯಸ್‌ನ ಕೊಟ್ಟಿಗೆಯಲ್ಲಿ ಕುಳಿತಿದ್ದರು. ಹತ್ತು ದಿನ ಯಾವುದೂ ಕೂಡಿಬರಲಿಲ್ಲ. ಹನ್ನೊಂದನೆಯ ದಿನ ಬಿಥುಸ್, "ಅಣ್ಣಾ, ನಮ್ಮೂರ ಕಡೆ ಹೆಂಗಸ್ರು ಸತ್ತೋರ್ಗೆ ಅಳೋದೊಂದಿದೆ, ಅದನ್ನ ನುಡಿಸ್ಲಾ?" ಎಂದು ಕೇಳಿದ್ದ.

ಬಿಥುಸ್ ಮುಂದೇನು ಎಂದು ಕೇಳುವವನಂತೆ ಬಾಗಿಲ ಕಡೆ ನೋಡಿದ. ನಿಕೋ ಕೈಯನ್ನು ಸಂದಿನಿಂದ ಹೊರಗೆ ಚಾಚಿ ಮುಷ್ಟಿ ಕಟ್ಟಿದ. ತಾಲೀಮಿನಲ್ಲಿ ಅದಕ್ಕೆ ಒಂದೇ ಅರ್ಥ: ನಿಲ್ಲಿಸು.

ಬಿಥುಸ್ ಹುಬ್ಬೇರಿಸಿದ. ನಿಕೋ ಮುಷ್ಟಿಯನ್ನು ಬಿಚ್ಚಲಿಲ್ಲ.

ಬಿಥುಸ್ ಕೊಳಲುಗಳನ್ನು ಬಾಯಿಂದ ತೆಗೆದ.

ಮೌನ ಹೆಚ್ಚೆಂದರೆ ಐದು ಉಸಿರಿನಷ್ಟು ಇತ್ತು. ಕುಡುಕನ ಹಾಡು ಕೇಳಿಸಿತು, ನದಿಯ ಕಡೆಯಿಂದ ಜನರ ಕೇಕೆ ಕೇಳಿಸಿತು. ಪುರೋಹಿತ ಮಂಡಳಿಯ ಗುಮಾಸ್ತ ತಲೆ ಎತ್ತಿ, ಮೇಣದ ಹಲಗೆ ತೊಡೆಯ ಮೇಲಿಟ್ಟುಕೊಂಡು ಏನೋ ಗೀಚಿದ.

"ಯಾವನೋ ಅವ್ನು, ಊದೋ!" ಎಂದು ಒಳಗೆ ಬೆನ್ನು ತಿರುಗಿಸಿ ಟೋಪು ಹಾಕಿಕೊಳ್ಳುತ್ತಿದ್ದ ನುಮಿಸಿಯಸ್ ಅರಚಿದ. ಬಿಥುಸ್ ಮತ್ತೆ ಊದಿದ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ವಿಚಾರಣೆ ಅದೇ ಮಧ್ಯಾಹ್ನ ಗುಡಿಯ ಮೆಟ್ಟಿಲ ಮೇಲೆ ನಡೆಯಿತು. ಉತ್ಸವಾಧಿಕಾರಿ ಮೂವತ್ತೇಳು ವರ್ಷದ, ಮುಂದೆ ದೊಡ್ಡ ಹುದ್ದೆಗಳ ಮೇಲೆ ಕಣ್ಣಿಟ್ಟಿದ್ದ ಮನುಷ್ಯ. ಗುಮಾಸ್ತ ತನ್ನ ಹಲಗೆ ಓದಿದ. ದಿನ ಕೆಟ್ಟಿದೆ, ಉತ್ಸವದ ಕೊನೆಯಲ್ಲಿ, ಇಂದಿನಿಂದ ಐದನೇ ದಿನ, ಇದನ್ನು ಪುನಃ ಮಾಡಬೇಕು ಎಂದು ತೀರ್ಮಾನವಾಯಿತು. ನಿಕೋ ಕೇಳುತ್ತ ನಿಂತಿದ್ದ. ಅವನು ಬಯಸಿದ್ದು ಕೈಗೆ ಬಂದಿತ್ತು.

ಆಮೇಲೆ ಅಧಿಕಾರಿ ಬಿಥುಸನ ಕಡೆ ತಿರುಗಿದ.

"ಯಾಕೋ ನಿಲ್ಲಿಸ್ದೆ?"

"ಉಸಿರು ಕಟ್ಟಿತು ಸ್ವಾಮಿ."

"ಕೊಳಲಿನ ಪೀಪಿ ಒಡೆದಿತ್ತಾ?"

"ಇಲ್ಲ ಸ್ವಾಮಿ. ಉಸಿರು."

"ಯಾರಾದ್ರೂ ಹೇಳಿಕೊಟ್ಟಿದ್ರಾ? ಈಗ್ಲೇ ಹೇಳು." ಅಧಿಕಾರಿ ತಂಡದವರನ್ನೆಲ್ಲ ಒಮ್ಮೆ ನೋಡಿದ. "ಬೇಕು ಅಂತ್ಲೇ ದೇವರ ಸೇವೆ ಕೆಡಿಸಿದೋರು ಇಲ್ಲಿದ್ರೆ, ಅವರ ಹೆಸರು ಇನ್ಮೇಲೆ ಈ ಊರಿನ ರಂಗದ ಮೇಲೆ ಕೇಳಿಸಲ್ಲ. ಅವರ ನಾಟಕಾನೂ ಅಷ್ಟೇ."

ಗುಲಾಮನ ಮಾತನ್ನು ಹೊಡೆಯದೆ ನಂಬುವ ಪದ್ಧತಿಯಿಲ್ಲ. ಹೊಡೆದು ಕೇಳಿದರು. ಉಸಿರು ಕಟ್ಟಿತು ಎಂದೇ ಬಿಥುಸ್ ಹೇಳಿದ. ಎರಡನೇ ಸಲ ಕೇಳಿದಾಗಲೂ ಹಾಗೆಯೇ ಹೇಳಿದ. ನಿಕೋ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಬಾಯಿ ತೆರೆದರೆ ಸಾಕಿತ್ತು. ಐದು ದಿನ, ಎಂದು ಮನಸ್ಸಿನಲ್ಲೇ ಅಂದುಕೊಂಡ. ಐದು ದಿನ ಕಳೆಯಲಿ, ಹಾಡು ಆಗಲಿ, ಅದೇ ಸಂಜೆ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ. ಆಮೇಲೆ ನನ್ನ ಹೆಸರು ಅಳಿಸಿದರೆ ಅಳಿಸಲಿ.

ಫಾಲ್ಕಿದಿಯಸ್ ಬಂದು ಅಧಿಕಾರಿಯ ಮುಂದೆ ಕೈಕಟ್ಟಿ ನಿಂತ. ತನ್ನ ಗುಲಾಮನಿಗೆ ತಾನೇ ಶಿಕ್ಷೆ ಕೊಡುತ್ತೇನೆ, ಅವನನ್ನು ಹಿಟ್ಟಿನ ಕಲ್ಲು ತಿರುಗಿಸಲು ಬೀಸುಮನೆಗೆ ಹಾಕುತ್ತೇನೆ ಎಂದ. ಅಧಿಕಾರಿ ಒಪ್ಪಿದ.

ಮರುದಿನ ಬೆಳಿಗ್ಗೆ ನುಮಿಸಿಯಸ್ ಕೊಟ್ಟಿಗೆಯಲ್ಲಿ ಕಡಲೆ ತಿನ್ನುತ್ತ ಕುಳಿತಿದ್ದ. ಜೊತೆಗೆ ಹೊಸಬನೊಬ್ಬ ಇದ್ದ. ತೆಳ್ಳನೆಯ, ಮೂಗು ಮುರಿದ ಕೊಳಲಿನವನು. ಹೆಸರು ಕೆರ್ಡೋ.

"ಬಾರಪ್ಪಾ ಅರ್ಧಕವಿ. ಅದೃಷ್ಟ ಅಂದ್ರೆ ನಿಂದು. ಮುರಿದ ನಾಟಕಕ್ಕೆ ಎರಡನೇ ಮದುವೆ!" ಎಂದ ನುಮಿಸಿಯಸ್. "ಈ ಸಲ ಪೂರ್ತಿ ಆಡ್ತೀನಿ, ಮುದುಕೀನೂ ಸೇರಿಸಿ. ಚಿರತೆ ಎಲ್ಲಾ ಬೋನಿಗೆ ಹೋಗಿದಾವೆ. ಧಾಟಿ ಎಲ್ಲಾ ಇವನಿಗೆ ಹೇಳ್ಕೊಡು."

"ನಾನಾ?"

"ಇನ್ಯಾರು? ನೀನೇ ಅಲ್ವೇನಯ್ಯಾ ಅವನ ಜೊತೆ ಕೂತು ಮಾಡಿದ್ದು?"

ಹಾಡಿನ ಮಾತು ನಿಕೋನದು, ಧಾಟಿ ಬಿಥುಸನದು. ನಾಟಕದ ಧಾಟಿಯನ್ನು ಯಾರೂ ಬರೆದಿಡುವುದಿಲ್ಲ. ಅದು ಕೊಳಲಿನವನ ಬೆರಳಿನಲ್ಲಿರುತ್ತದೆ. ಬೇರೆ ಹಾಡುಗಳೇನೋ ಎಲ್ಲರೂ ಬಲ್ಲ ಮಟ್ಟುಗಳು, ಕೆರ್ಡೋ ಅರ್ಧ ದಿನದಲ್ಲಿ ಹಿಡಿದ. ಮುದುಕಿಯ ಹಾಡನ್ನು ನಿಕೋ ಗುನುಗಲು ನೋಡಿದ. ಅವನ ಗಂಟಲಲ್ಲಿ ಅದು ಸಂತೆಯ ಹಾಡಿನಂತೆ ಕೇಳಿಸಿತು. ಮೂರನೇ ಸಾಲಿನಲ್ಲಿ ಸ್ವರ ಎಲ್ಲಿ ಇಳಿಯುತ್ತದೆ ಎಂಬುದೇ ಅವನಿಗೆ ನೆನಪಿರಲಿಲ್ಲ. ಮುದುಕಿಯ ಪಾತ್ರ ಮಾಡುವ ನಟ ಅವನಿಗಿಂತ ಕಡೆ. ಬಿಥುಸನ ಕೊಳಲು ಹೋದತ್ತ ಅವನ ದನಿ ಹೋಗುತ್ತಿತ್ತು, ಅಷ್ಟೇ.

"ಒಂದು ಸಲ ಸರಿಯಾಗಿ ಕೇಳಿದ್ರೆ ಸಾಕು, ಹಿಡ್ಕೋತೀನಿ," ಎಂದ ಕೆರ್ಡೋ. "ಎಲ್ಲಿದ್ದಾನೆ ಅವನು?"

ಮೂರನೆಯ ದಿನ ಇಬ್ಬರೂ ಕಪೇನಾ ಎಂಬ ಊರ ಬಾಗಿಲು ದಾಟಿ ನಡೆದರು. ಫಾಲ್ಕಿದಿಯಸ್‌ನ ಬೀಸುಮನೆ ಊರಾಚೆ, ಗೋರಿಗಳ ಸಾಲು ಮುಗಿಯುವಲ್ಲಿತ್ತು. ಕಿಟಕಿಯಿಲ್ಲದ ಉದ್ದನೆಯ ಕೋಣೆ. ನಾಲ್ಕು ಕಲ್ಲುಗಳು ತಿರುಗುತ್ತಿದ್ದವು, ಒಂದೊಂದಕ್ಕೂ ಇಬ್ಬಿಬ್ಬರು. ಹಿಟ್ಟಿನ ಧೂಳಿನಲ್ಲಿ ಎಲ್ಲರೂ ಒಂದೇ ಬಣ್ಣವಾಗಿದ್ದರಿಂದ ಬಿಥುಸ್ ಯಾರೆಂದು ನಿಕೋಗೆ ತಕ್ಷಣ ತಿಳಿಯಲಿಲ್ಲ.

"ಅಣ್ಣಾ," ಎಂದು ಎರಡನೇ ಕಲ್ಲಿನಿಂದ ಧ್ವನಿ ಬಂತು.

ಬಿಥುಸನ ಕೊರಳಿಗೆ ಗಾಡಿಯ ಚಕ್ರದಂಥ ಮರದ ಹಲಗೆ ಹಾಕಿದ್ದರು. ಬೀಸುವವರು ಹಿಟ್ಟು ತಿನ್ನದಿರಲಿ ಎಂದು ಹಾಕುವುದು ಅದು. ಅದು ಕೊರಳಲ್ಲಿದ್ದರೆ ಕೈ ಬಾಯಿಗೆ ಮುಟ್ಟುವುದಿಲ್ಲ. ಕೆರ್ಡೋ ಜೋಡಿಕೊಳಲನ್ನು ಚೀಲದಿಂದ ಅರ್ಧ ತೆಗೆದವನು ಮತ್ತೆ ಒಳಗಿಟ್ಟ.

"ನಾಡಿದ್ದು ಆಟ," ಎಂದ ನಿಕೋ. ಮೊದಲು ಹೇಳಬೇಕಾದ ಮಾತು ಇದಲ್ಲ ಎಂದು ಅವನಿಗೆ ಗೊತ್ತಿತ್ತು. "ಮುದುಕಿ ಹಾಡು ಇವನಿಗೆ ಬರ್ಬೇಕು."

ಬಿಥುಸ್ ಕಲ್ಲು ತಳ್ಳುತ್ತಲೇ ಕೇಳಿದ. "ಆಡ್ತಾರಾ ಹಂಗಾದ್ರೆ? ಪೂರ್ತಿ?"

"ಪೂರ್ತಿ."

"ನಾನು ಬಾಯಿ ಬಿಟ್ಟಿದ್ರೆ ನಿಮ್ಮ ನಾಟಕಾನೂ ಹೋಗ್ತಿತ್ತು, ನನ್ನ ಧಾಟೀನೂ ಹೋಗ್ತಿತ್ತು. ಅದಕ್ಕೇ ಬಿಡ್ಲಿಲ್ಲ." ಅವನು ಸುತ್ತು ಹಾಕಿ ಮತ್ತೆ ಎದುರಿಗೆ ಬಂದ. "ಬಾರಪ್ಪಾ, ಹತ್ರ ಬಾ. ಗುನುಗ್ತೀನಿ."

ಕಲ್ಲು ನಿಲ್ಲಿಸಲು ಮೇಸ್ತ್ರಿ ಬಿಡಲಿಲ್ಲ. ಕೆರ್ಡೋ ಬಿಥುಸನ ಹಿಂದೆಯೇ, ಕಿವಿಯನ್ನು ಹಲಗೆಯ ಅಂಚಿಗೆ ಒಡ್ಡಿಕೊಂಡು, ಕಲ್ಲಿನ ಸುತ್ತ ನಡೆದ. ಒಂದು ಸುತ್ತು, ಎರಡು, ಹತ್ತು. ಬೀಸುತ್ತಿದ್ದ ಉಳಿದವರು ನಕ್ಕರು. "ಏಯ್, ಮದುವೆ ಗಂಡಾ, ಹತ್ತು ಸುತ್ತು ಆಯ್ತಲ್ಲೋ, ಸಾಕು!" ಎಂದು ಒಬ್ಬ ಕೂಗಿದ. ಬಿಥುಸನ ಗಂಟಲಿಗೆ ಹಿಟ್ಟು ಕಟ್ಟಿತ್ತು. ಮೊದಲ ಸಾಲು ಬಂತು. ಎರಡನೆಯದು ಅರ್ಧ ಬಂತು. ಮೂರನೆಯದಕ್ಕೆ ಸ್ವರ ಇಳಿಸಬೇಕಾದಲ್ಲಿ ಅವನಿಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಕಲ್ಲಿನ ಸದ್ದಿನಲ್ಲಿ ಉಳಿದದ್ದೂ ಮುಳುಗಿತು.

"ಇಲ್ಲ ಅಣ್ಣಾ, ಬಾಯಲ್ಲಿ ಬರಲ್ಲ ಇದು," ಎಂದ ಬಿಥುಸ್. "ಈ ಹಲಗೆ ಒಂದು ಗಳಿಗೆ ತೆಗೆಸಿ. ಊದಿ ತೋರಿಸ್ತೀನಿ. ಒಂದೇ ಗಳಿಗೆ."

ಫಾಲ್ಕಿದಿಯಸ್ ಅಂಗಳದಲ್ಲಿ ಮೂಟೆ ತೂಗಿಸುತ್ತಿದ್ದ. ನಿಕೋ ಕೇಳಿದ್ದಕ್ಕೆ ಅವನು ಸಿಟ್ಟಾಗಲಿಲ್ಲ.

"ನೋಡಪ್ಪಾ, ನನಗೇನು ಅವನ ಮೇಲೆ ಹಗೆ ಇಲ್ಲ. ನನ್ನ ಹತ್ರ ಇದ್ದೋರಲ್ಲಿ ಚೆನ್ನಾಗಿ ಊದೋನು ಅವನೊಬ್ಬನೇ. ಅವನ ಕೈಲಿ ಹಿಟ್ಟು ಬೀಸಿಸೋದು ನನಗೇ ನಷ್ಟ. ಆದ್ರೆ ಹನ್ನೆರಡು ವರ್ಷದಲ್ಲಿ ಅವನಿಗೆ ಒಂದು ಸಲಾನೂ ಉಸಿರು ಕಟ್ಟಿಲ್ಲ. ಯಾರೋ ನಿಲ್ಸು ಅಂದಿದ್ದಾರೆ. ಯಾರು ಅಂತ ಹೇಳು, ಅಧಿಕಾರಿ ಹತ್ರ ಹೋಗಿ ತಿಳಿಸ್ತೀನಿ, ಈ ಗಳಿಗೇಲೇ ಹಲಗೆ ತೆಗೆಸ್ತೀನಿ. ನಿನಗೆ ಗೊತ್ತಿರ್ಬೇಕಲ್ಲ?"

ಅಧಿಕಾರಿಗೆ ತಿಳಿದರೆ ನಾಟಕ ಇಲ್ಲ. ಹಲಗೆ ತೆಗೆಯದಿದ್ದರೆ ಹಾಡು ಇಲ್ಲ. ನಿಕೋ ಅಂಗಳದ ಬಿಸಿಲಿನಲ್ಲಿ ನಿಂತು ಎರಡನ್ನೂ ತೂಗಿ ನೋಡಿದ. ಕೆರ್ಡೋ ಒಂದೂವರೆ ಸಾಲು ಹಿಡಿದಿದ್ದಾನೆ, ಉಳಿದದ್ದನ್ನು ಹೇಗೋ ಹೊಂದಿಸಬಹುದು ಎಂದು ಅವನಿಗೆ ಅನ್ನಿಸಿತು.

"ನನಗೆ ಗೊತ್ತಿಲ್ಲ," ಎಂದ.

"ಹಾಗಾದ್ರೆ ಹೋಗ್ಬಾ."

ಅವನು ಒಳಗೆ ಹೋಗಿ ಬಿಥುಸನಿಗೆ ಹೇಳಿ ಬರಲಿಲ್ಲ. ಅಂಗಳದಿಂದಲೇ ಹೊರಟ. ಊರ ಬಾಗಿಲು ಬಂದಾಗ ಕೆರ್ಡೋ, "ಅವನು ಕಾಯ್ತಿರ್ತಾನೆ," ಎಂದ.

ನಾಲ್ಕನೆಯ ದಿನ ತಾಲೀಮಿನಲ್ಲಿ ಒಂದೂವರೆ ಸಾಲಿಗೆ ಉಳಿದದ್ದನ್ನು ಹೊಂದಿಸಲು ನೋಡಿದರು. ಮುದುಕಿಯ ವೇಷದವನು ಮೂರನೇ ಸಾಲಿಗೆ ಎಡವಿದ, ಐದನೆಯದಕ್ಕೆ ನಿಂತೇಬಿಟ್ಟ. ಕೆರ್ಡೋ ಅವನಿಗಾಗಿ ಕಾದು ಊದುವುದನ್ನು ನಿಲ್ಲಿಸಿದ. ಕೊಳಲು ನಿಂತ ಸದ್ದಿಗೆ ನುಮಿಸಿಯಸ್ ಬೆಚ್ಚಿ ಎದ್ದ.

"ಸಾಕು. ನಾಳೆ ಹಿಂಗೇ ನಿಂತ್ರೆ ನಾವೆಲ್ಲಾ ಬೀಸುಮನೇಲೇ ತಾಲೀಮು ಮಾಡ್ಬೇಕಾಗತ್ತೆ. ಈ ನಾಟಕ ಬೇಡ."

"ಮುದುಕಿ ಹಾಡು ಬಿಟ್ಟಾದ್ರೂ ಆಡು," ಎಂದು ನಿಕೋ ಕೇಳಿದ. ಹಾಗೆ ಕೇಳುತ್ತೇನೆಂದು ಅವನೇ ಎಣಿಸಿರಲಿಲ್ಲ.

"ಹಾಡು ಕೂಡಿಬರದಿದ್ರೆ ಏನು ಮಾಡೋದು ಅಂತ ಅಧಿಕಾರಿ ಹತ್ರ ಬೆಳಿಗ್ಗೇನೇ ಕೇಳಿ ಆಯ್ತು ಕಣೋ. ಅಡ್ಡಿ ಬಂದ್ರೆ ಅದೇ ನಾಟಕ ಬೇಕಿಲ್ಲ, ಒಂದು ಸಲ ಕೆಟ್ಟಿದ್ದು ಅಪಶಕುನ, ಬೇರೇದು ಹಾಕಿ ಅಂದ. ಹಳೇ ಜಿಪುಣನ ಆಟ ಹಾಕ್ತೀವಿ, ಮೂವತ್ತು ವರ್ಷದಿಂದ ಆಡ್ತಿರೋದು. ಕೆರ್ಡೋಗೆ ನಿದ್ದೇಲೂ ಬರತ್ತೆ." ಅವನು ಟೋಪನ್ನು ಪೆಟ್ಟಿಗೆಗೆ ಹಾಕಿದ. "ಬಿಥುಸ್ ಇದ್ದಿದ್ರೆ ಮಾತೇ ಬೇರೆ. ದರಿದ್ರದವನು, ಅವತ್ತೇ ಅವನಿಗೆ ಉಸಿರು ಕಟ್ಟಬೇಕಿತ್ತಾ!"

ಐದನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ನಿಕೋ ಉತ್ಸವಾಧಿಕಾರಿಯ ಮನೆ ಬಾಗಿಲಲ್ಲಿದ್ದ. ಬೆಳಗಿನ ದರ್ಶನಕ್ಕೆ ಬಂದ ಆಶ್ರಿತರ ಸಾಲಿನಲ್ಲಿ ಅವನು ಹದಿನಾಲ್ಕನೆಯವನು. ಸರದಿ ಬಂದಾಗ ನಡೆದದ್ದೆಲ್ಲವನ್ನೂ ಹೇಳಿದ. ಮುಷ್ಟಿಯನ್ನು ಕಟ್ಟಿ ತೋರಿಸಿದ.

ಅಧಿಕಾರಿ ಆಳುಗಳನ್ನು ಹೊರಗೆ ಕಳಿಸಿದ.

"ಇದನ್ನ ಇನ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ ಸ್ವಾಮಿ. ಶಿಕ್ಷೆ ನನಗೆ ಕೊಡಿ. ಬಿಥುಸನ್ನ ಬಿಡಿಸಿ."

"ನಿನಗೆ ಬುದ್ಧಿ ಇದೆಯಾ? ಗುಲಾಮನಿಗೆ ಉಸಿರು ಕಟ್ಟಿತು ಅಂತ ಪುರೋಹಿತರ ಹಲಗೇಲಿ ಬರೆದಾಗಿದೆ. ಅದು ಅಚಾತುರ್ಯ. ಒಂದು ದಿನ ಮತ್ತೆ ಮಾಡಿದ್ರೆ ತೀರ್ತು. ಬೇಕು ಅಂತ ಮಾಡಿದ್ದು ಅಂತಾದ್ರೆ ಅದು ದೇವರಿಗೆ ದ್ರೋಹ. ಉತ್ಸವ ಪೂರ್ತಿ ಮತ್ತೆ ಮಾಡು ಅಂತಾರೆ, ಮೊದಲ ದಿನದಿಂದ. ಅಷ್ಟು ಖರ್ಚು ಯಾರು ಮಾಡ್ತಾರೆ? ನಿಮ್ಮಪ್ಪ ಮಾಡ್ತಾನಾ?"

"ಸ್ವಾಮಿ, ಅವನು ಅಲ್ಲಿ ಉಳಿಯಲ್ಲ. ಕೆಮ್ತಿದ್ದಾನೆ."

"ಉಸಿರಿನ ತೊಂದರೆ ಇರೋದು ನಿಜ ಅಂತಾಯ್ತಲ್ಲ ಹಂಗಾದ್ರೆ," ಎಂದ ಅಧಿಕಾರಿ. ಅವನು ಕುಚೋದ್ಯಕ್ಕೆ ಹೇಳಲಿಲ್ಲ. ಅದು ದಾಖಲೆಗೆ ಹೊಂದುತ್ತದೆಯೇ ಎಂದು ನೋಡುತ್ತಿದ್ದ. "ನೀನು ಇವತ್ತು ನನ್ನ ಮನೆಗೆ ಬಂದಿಲ್ಲ. ಮುಂದಿನವರನ್ನ ಕಳಿಸು."

ನಿಕೋ ಅಲ್ಲಿಂದ ಫಾಲ್ಕಿದಿಯಸ್‌ನಲ್ಲಿಗೆ ಹೋಗಿ ಅದನ್ನೇ ಹೇಳಿದ. ಅಧಿಕಾರಿಯ ಆಳು ಅಷ್ಟರಲ್ಲಾಗಲೇ ಅಲ್ಲಿಗೆ ಬಂದು ಹೋಗಿದ್ದ. ಫಾಲ್ಕಿದಿಯಸ್ ಬಾಗಿಲಲ್ಲೇ ನಿಂತು, ಮೊನ್ನೆ ಕೇಳಿದಾಗ ಗೊತ್ತಿಲ್ಲ ಅಂದೆಯಲ್ಲ, ಅದೇ ಸರಿ ಎಂದ. ಒಳಗಿನಿಂದ ಕಲ್ಲುಗಳ ಸದ್ದು ಬರುತ್ತಿತ್ತು. ನಿಕೋಗೆ ಒಳಗೆ ಹೋಗಲು ಬಿಡಲಿಲ್ಲ.

ಪುನಃ ಮಾಡಿದ ದಿನ ಯಾವ ಲೋಪವೂ ಇಲ್ಲದೆ ನಡೆಯಿತು. ಜಿಪುಣನ ಆಟಕ್ಕೆ ಜನ ಕೊನೆಯವರೆಗೂ ಕುಳಿತಿದ್ದರು. ಬಿಥುಸ್ ಡಿಸೆಂಬರ್ ಮೊದಲಲ್ಲಿ ಸತ್ತ. ಫಾಲ್ಕಿದಿಯಸ್ ಒಂದು ಕತ್ತೆ ಕೊಂಡು ಆ ಕಲ್ಲಿಗೆ ಕಟ್ಟಿಸಿದ.